ಕೀಲಿಯಿಲ್ಲದ ಅಕ್ಷರಕ್ಕೆ ಅಂಕಿಯ ದಾರಿ

ಪರೀಕ್ಷೆ ಸಮೀಪಿಸಿದಾಗ ಗಡಿನಾಡಿನ ಕನ್ನಡ ಶಾಲೆಗಳ ಎಷ್ಟೋ ಶಿಕ್ಷಕರು ಪ್ರಶ್ನೆಪತ್ರಿಕೆಗಳನ್ನು ತಾವೇ ಬೆರಳಚ್ಚು ಮಾಡುತ್ತಾರೆ. ವಾಕ್ಯಗಳು ಸುಗಮವಾಗಿ ಸಾಗುತ್ತವೆ. ಭಾಗಾಕಾರದ ಚಿಹ್ನೆ ಬಂದೊಡನೆ ಕೈ ತಡೆಯುತ್ತದೆ. ಕೀಲಿಮಣೆಯಲ್ಲಿ ಆ ಚಿಹ್ನೆಯೇ ಇಲ್ಲ. ಕೊನೆಗೆ ಅಚ್ಚಾದ ಹಾಳೆಗಳ ಮೇಲೆ ಅದನ್ನು ಲೇಖನಿಯಿಂದ ತುಂಬುವುದುಂಟು. ಒಂದು ಪ್ರತಿಯಲ್ಲಿ ಬಿಟ್ಟುಹೋದರೂ ಆ ವಿದ್ಯಾರ್ಥಿಯ ಲೆಕ್ಕ ತಪ್ಪುತ್ತದೆ.

ಪರಿಹಾರ ಅದೇ ಕೀಲಿಮಣೆಯಲ್ಲಿದೆ. ವಿಂಡೋಸ್ ಗಣಕಯಂತ್ರದಲ್ಲಿ ನಮ್‌ಲಾಕ್ ಚಾಲನೆಯಲ್ಲಿರಬೇಕು, ಅಕ್ಷರಶೈಲಿ ಇಂಗ್ಲಿಷಿನದಾಗಿರಬೇಕು. ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಬಲಬದಿಯ ಅಂಕಿಗಳ ಗುಂಪಿನಲ್ಲಿ 0247 ಎಂದು ಒತ್ತಿ ಬಿಟ್ಟರೆ ÷ ಮೂಡುತ್ತದೆ. ಹಾಗೆಯೇ 0215 ಒತ್ತಿದರೆ ×, 0176 ಒತ್ತಿದರೆ °, 0178 ಒತ್ತಿದರೆ ², 0189 ಒತ್ತಿದರೆ ½. ಮೊದಲಿನ ಸೊನ್ನೆಯನ್ನು ಬಿಡಬಾರದು. ಮೇಲಿನ ಸಾಲಿನ ಅಂಕಿಗಳಿಂದ ಈ ಕೆಲಸ ನಡೆಯದು. ಆದುದರಿಂದ ಬಲಬದಿಯ ಅಂಕಿಗಳಿಲ್ಲದ ಚಿಕ್ಕ ಲ್ಯಾಪ್‌ಟಾಪ್‌ಗಳಿಗೆ ಪ್ರತ್ಯೇಕ ಕೀಲಿಮಣೆ ಜೋಡಿಸಬೇಕಾಗುತ್ತದೆ.

ಇದರ ಗುಟ್ಟು ಸರಳ. ಗಣಕಯಂತ್ರಕ್ಕೆ ಅಕ್ಷರದ ಪರಿಚಯವಿಲ್ಲ. ಅದು ಬಲ್ಲದ್ದು ಸಂಖ್ಯೆಯನ್ನು ಮಾತ್ರ. 1981ರಲ್ಲಿ ಬಂದ ಐಬಿಎಂ ಪಿಸಿಯ ಪಟ್ಟಿಯಲ್ಲಿದ್ದುದು 256 ಸ್ಥಾನಗಳು. ಅಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ಮುಂದೆ ಬಂದ ಹಳೆಯ ಕನ್ನಡ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದವು. ಅಂತಹ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಕಚೇರಿಯಲ್ಲಿ ತೆರೆದರೆ ಕನ್ನಡವೆಲ್ಲ ಅರ್ಥಹೀನ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತದೆ. ಬೇರೆ ಭಾಷೆಯ ಕಚೇರಿಗಳೊಡನೆ ದಿನವೂ ವ್ಯವಹರಿಸುವ ಗಡಿನಾಡಿನ ಶಾಲೆಗಳಿಗೆ ಇದು ಸಣ್ಣ ತೊಂದರೆಯಲ್ಲ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಈ ಸ್ಥಿತಿಯನ್ನು ಬದಲಿಸಿತು. ಅದರಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಕ ಎಂಬುದು 3221, ಳ ಎಂಬುದು 3251. ಕಾಸರಗೋಡಿನಲ್ಲಾಗಲಿ, ಸೊಲ್ಲಾಪುರದಲ್ಲಾಗಲಿ, ತಾಳವಾಡಿಯಲ್ಲಾಗಲಿ ಈ ಸಂಖ್ಯೆ ಬದಲಾಗದು. ಎಂಎಸ್ ವರ್ಡ್‌ನಲ್ಲಿ ಆಲ್ಟ್ ಹಿಡಿದು ಈ ಸಂಖ್ಯೆಯನ್ನು ಒತ್ತಿದರೆ, ಕನ್ನಡ ಕೀಲಿಮಣೆಯನ್ನು ಅಳವಡಿಸದ ಯಂತ್ರದಲ್ಲಿಯೂ ಅಕ್ಷರ ಮೂಡುತ್ತದೆ. ಎಲ್ಲ ತಂತ್ರಾಂಶಗಳಲ್ಲಿಯೂ ಹೀಗಾಗದು; ವರ್ಡ್‌ನಲ್ಲಿ ಬರೆದು ನಕಲಿಸಿಕೊಳ್ಳುವುದು ಲೇಸು. ಹಳಗನ್ನಡದ ಪಾಠಕ್ಕೆ ಬೇಕಾಗುವ ಱ ಅಕ್ಷರಕ್ಕೆ 3249, ೞ ಅಕ್ಷರಕ್ಕೆ 3294, ರೂಪಾಯಿಯ ₹ ಚಿಹ್ನೆಗೆ 8377.

ಕಣ್ಣಿಗೆ ಕಾಣದ ಗುರುತುಗಳಿಗೂ ಸಂಖ್ಯೆಯುಂಟು. 'ರಾಜ್‌ಕುಮಾರ್' ಎಂದು ಬರೆಯುವಾಗ ಕಕಾರವು ಜಕಾರದ ಕೆಳಗೆ ಒತ್ತಕ್ಷರವಾಗಿ ಇಳಿದು 'ರಾಜ್ಕುಮಾರ್' ಆಗಿಬಿಡುತ್ತದೆ. 'ರಾಜ್' ಎಂದಾದ ಮೇಲೆ 8204 ಒತ್ತಿ ಮುಂದುವರಿದರೆ ಎರಡೂ ಬೇರೆಯಾಗಿಯೇ ನಿಲ್ಲುತ್ತವೆ.

ಇಡೀ ಪುಟವನ್ನು ಅಂಕಿಗಳಿಂದ ಬರೆಯಲು ಯಾರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ಆದರೆ ಪ್ರಮಾಣಪತ್ರದಲ್ಲಿ ಒಮ್ಮೆ ತಪ್ಪಾಗಿ ಅಚ್ಚಾದ ಹೆಸರು ಮಗುವಿನ ಬೆನ್ನು ಹತ್ತಿ ಬಹುಕಾಲ ಬರುತ್ತದೆ. ಮೇಲಿನ ಹತ್ತು ಹನ್ನೆರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಶಾಲೆಯ ಗಣಕಯಂತ್ರದ ಪಕ್ಕದಲ್ಲಿ ಅಂಟಿಸಿದರೆ, ಕೀಲಿಯಿಲ್ಲವೆಂಬ ಕಾರಣಕ್ಕೆ ಅಕ್ಷರವನ್ನು ಬಿಡುವ ಪ್ರಸಂಗ ಬಾರದು.