ಗುರಿಕಾರನೂ ಅವನ ರೈಫಲೂ

ರೈಫಲ್ ಗುರಿಯ ಪಂದ್ಯಗಳಲ್ಲಿ ನಮ್ಮ ದೇಶದ ತರುಣರು ಪದಕಗಳನ್ನು ಗೆದ್ದು ತರುತ್ತಿರುವುದು ಸಂತೋಷದ ಸಂಗತಿಯಷ್ಟೆ. ಇಂತಹ ಪ್ರತಿಯೊಂದು ಗೆಲವಿನ ಬೆನ್ನಿಗೂ ಒಂದು ಪ್ರಶ್ನೆ ಹುಟ್ಟುವುದುಂಟು: ಗೆದ್ದವರ ಕೈಯಲ್ಲಿದ್ದ ರೈಫಲ್ ಯಾವ ಕಾರಖಾನೆಯದು? ಉತ್ತರ ಸಿಕ್ಕಿದೊಡನೆಯೇ, ಮಗನಿಗೆ ಈ ವಿದ್ಯೆಯನ್ನು ಕಲಿಸಬೇಕೆಂದಿರುವ ತಂದೆಯು ಸಾಲ ಮಾಡಿಯಾದರೂ ಅದನ್ನೇ ತರಿಸಲು ಹವಣಿಸುವನು. ಒಳ್ಳೆಯ ಸಲಕರಣೆ ಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಳ್ಳೆಯದು ಯಾವುದೆಂಬುದನ್ನು ಬೆಲೆಯಿಂದಲೂ ಹೆಸರಿನಿಂದಲೂ ನಿರ್ಣಯಿಸಬೇಕೇ ಅಥವಾ ಪರೀಕ್ಷೆಯಿಂದ ನಿರ್ಣಯಿಸಬೇಕೇ ಎಂಬುದು ವಿಚಾರಾರ್ಹವಾದ ವಿಷಯ. ಪರೀಕ್ಷೆಯಿಂದಲೇ ಎಂಬುದು ನಮ್ಮ ಅಭಿಪ್ರಾಯ. ಅಂತಹ ಪರೀಕ್ಷೆಯ ಅನುಕೂಲ ಸಾಮಾನ್ಯನಿಗೆ ಒದಗದಿರುವುದೇ ನಮ್ಮ ನಿಜವಾದ ಕೊರತೆ.

ಈ ಆಟದಲ್ಲಿ ಎಷ್ಟು ಸೂಕ್ಷ್ಮದ ಮೇಲೆ ಸೋಲು ಗೆಲವುಗಳು ನಿಂತಿವೆಯೆಂಬುದನ್ನು ವಾಚಕರು ಮೊದಲು ತಿಳಿಯಬೇಕು. ಗಾಳಿಯ ರೈಫಲಿನ ಪಂದ್ಯದಲ್ಲಿ ಗುರಿಯು ೧೦ ಮೀಟರು ದೂರದಲ್ಲಿರುತ್ತದೆ. ಹತ್ತು ಅಂಕದ ಚುಕ್ಕೆಯ ಅಗಲವು ಕೇವಲ ಅರ್ಧ ಮಿಲಿಮೀಟರು. ಅದಕ್ಕೆ ಹೊಡೆಯುವ ಗುಂಡಿನ ವ್ಯಾಸವು ೪.೫ ಮಿಲಿಮೀಟರು. ೬೦ ಗುಂಡುಗಳನ್ನು ೭೫ ನಿಮಿಷಗಳೊಳಗೆ ನಿಂತುಕೊಂಡೇ ಹೊಡೆಯಬೇಕು. ಹತ್ತನ್ನೂ ಮತ್ತೆ ದಶಾಂಶಗಳಾಗಿ ಒಡೆದು, ಒಂದು ಗುಂಡಿಗೆ ೧೦.೯ರ ವರೆಗೆ ಅಂಕ ಕೊಡುವರು. ರೈಫಲಿನ ತೂಕವು ಐದೂವರೆ ಕಿಲೋಗ್ರಾಮನ್ನು ಮೀರಕೂಡದು. ಉಸಿರಾಟವೂ ನಾಡಿಯ ಮಿಡಿತವೂ ಕೂಡ ಗುಂಡನ್ನು ಕದಲಿಸಬಲ್ಲ ಇಂತಹ ಪಂದ್ಯದಲ್ಲಿ ಸಲಕರಣೆಯ ವಿಷಯದಲ್ಲಿ ಗುರಿಕಾರನು ಚಿಂತಿಸುವುದು ಸಹಜವೇ ಸರಿ.

ಹಾಗಿದ್ದರೂ ಜಗತ್ತಿನ ಶ್ರೇಷ್ಠ ಗುರಿಕಾರರ ರೈಫಲುಗಳನ್ನು ಸಾಲಾಗಿ ಇಟ್ಟು ನೋಡಿದರೆ ಹೆಸರುಗಳು ಬೆರಳೆಣಿಕೆಯವು. ಜರ್ಮನಿಯ ವಾಲ್ಥರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಜ್, ಆಸ್ಟ್ರಿಯಾದ ಸ್ಟೈಯರ್, ಇಟಲಿಯ ಪಾರ್ದೀನಿ, ೫೦ ಮೀಟರಿನ ಪಂದ್ಯಕ್ಕಾದರೆ ಸ್ವಿಟ್ಜರ್ಲೆಂಡಿನ ಬ್ಲೈಕರ್ ಮೊದಲಾದವು. ಇವುಗಳೆಲ್ಲದರ ನಳಿಗೆಗಳೂ ಮನುಷ್ಯನ ಕೈಗಿಂತ ಸ್ಥಿರವಾದುವು. ಹೀಗಿರಲು ಗುರಿಕಾರನು ಆರಿಸುವುದಾದರೂ ಏನನ್ನು? ತನ್ನ ಮೈಗೆ ಹೊಂದುವುದನ್ನು. ಕೆನ್ನೆ ಒರಗುವ ಹಲಗೆ, ಭುಜಕ್ಕೆ ಕೂರುವ ಬಟ್ಟು, ಕೈ ಹಿಡಿಯುವ ಹಿಡಿ, ಟ್ರಿಗರಿನ ದೂರ, ಇವೆಲ್ಲವೂ ತಿರುಪುಗಳಿಂದ ಅಷ್ಟಷ್ಟಾಗಿ ಸರಿಯುವಂತೆ ಮಾಡಲ್ಪಟ್ಟಿರುತ್ತವೆ. ಒಬ್ಬನ ಕತ್ತಿನ ಉದ್ದಕ್ಕೆ ಸರಿಯಾದ ಹೊಂದಾಣಿಕೆಯು ಇನ್ನೊಬ್ಬನ ಕಣ್ಣನ್ನು ಗುರಿಗಿಂಡಿಯಿಂದ ತಪ್ಪಿಸುವುದು. ಪದಕ ಗೆದ್ದವರ ರೈಫಲನ್ನೇ ತಂದಿಟ್ಟರೂ ಅವರ ಹೊಂದಾಣಿಕೆಯನ್ನು ತರಲಾಗುವುದಿಲ್ಲ. ಅಂಗಿಯ ವಿಷಯದಲ್ಲಿಯೂ ಹಣದ ಆಟಕ್ಕೆ ನಿಯಮವು ಕಡಿವಾಣ ಹಾಕಿದೆ: ಗುರಿಕಾರನು ತೊಡುವ ಗಡಸು ಅಂಗಿಯ ಬಟ್ಟೆಯ ದಪ್ಪವು ೨.೫ ಮಿಲಿಮೀಟರನ್ನು ಮೀರಕೂಡದು. ಅದರ ಗಡಸುತನವನ್ನೂ ಯಂತ್ರದಿಂದ ಅಳೆದು ನೋಡುವರು.

ಗುಂಡಿನ ಆಯ್ಕೆಯಲ್ಲಿ ಈ ತತ್ತ್ವವು ಇನ್ನೂ ಸ್ಪಷ್ಟವಾಗುತ್ತದೆ. ೫೦ ಮೀಟರಿನ ಪಂದ್ಯದಲ್ಲಿ .೨೨ ಅಳತೆಯ ತೋಟಾಗಳನ್ನು ಉಪಯೋಗಿಸುವರು. ಅಲ್ಲಿ ಹತ್ತರ ವೃತ್ತದ ಅಗಲವು ೧೦.೪ ಮಿಲಿಮೀಟರು. ಒಂದೇ ಕಾರಖಾನೆಯಲ್ಲಿ ಒಂದೇ ಹೆಸರಿನಿಂದ ತಯಾರಾದ ತೋಟಾಗಳೂ ತಂಡದಿಂದ ತಂಡಕ್ಕೆ ತುಸು ಭಿನ್ನವಾಗಿರುತ್ತವೆ. ಮದ್ದಿನಲ್ಲಿಯೋ ಅಂಚಿನ ಕಿಡಿಮದ್ದಿನಲ್ಲಿಯೋ ಇರುವ ಎಳ್ಳಷ್ಟು ವ್ಯತ್ಯಾಸವು ಗುರಿಯಲ್ಲಿ ಗುಂಡನ್ನು ಮೇಲಕ್ಕೋ ಕೆಳಕ್ಕೋ ಒಯ್ಯುವುದು. ಆದುದರಿಂದ ಅನುಭವಿಗಳು ಇಂಗ್ಲೆಂಡಿನ ಈಲೀ, ಜರ್ಮನಿಯ ಶೋನೆಬೆಕ್‌ನಲ್ಲಿರುವ ಲಾಪುವಾ ಮೊದಲಾದವರ ಪರೀಕ್ಷಾಶಾಲೆಗಳಿಗೆ ರೈಫಲನ್ನು ಒಯ್ದು, ಅದನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ತಂಡದ ಮೇಲೆ ತಂಡವನ್ನು ಹೊಡೆದು ನೋಡುವರು. ಯಾವ ತಂಡದ ಗುಂಡುಗಳು ಅತ್ಯಂತ ಕಿರಿದಾದ ಸ್ಥಳದಲ್ಲಿ ಒಟ್ಟಿಗೆ ಬೀಳುವುವೋ ಆ ತಂಡವನ್ನೇ ಸಾವಿರಗಟ್ಟಲೆ ಕೊಳ್ಳುವರು. ಒಂದು ನಳಿಗೆಗೆ ಅಮೃತವಾದುದು ಪಕ್ಕದ ನಳಿಗೆಗೆ ಒಗ್ಗದಿರುವುದೂ ಉಂಟು. ಗಾಳಿಯ ರೈಫಲಿನ ಸೀಸದ ಗುಂಡುಗಳನ್ನೂ ೪.೪೯, ೪.೫೦, ೪.೫೧ ಮಿಲಿಮೀಟರುಗಳೆಂದು ನೂರರ ಒಂದಂಶದ ಭೇದದಿಂದ ವಿಂಗಡಿಸಿ ಮಾರುವರು. ಇವುಗಳಲ್ಲಿ ಯಾವುದು ತನಗೆ ಸಲ್ಲುವುದೆಂದು ಬೆಲೆಪಟ್ಟಿಯು ಹೇಳಲಾರದು. ಹೊಡೆದ ಗುರಿಯ ಕಾಗದವೇ ಹೇಳಬೇಕು.

ತನ್ನ ಸಲಕರಣೆಯನ್ನು ಅರಿತುಕೊಂಡವನ ಬಲವೆಂತಹದೆಂಬುದಕ್ಕೆ ೨೦೦೮ರ ಆಗಸ್ಟ್ ೧೧ರಂದು ಬೀಜಿಂಗಿನಲ್ಲಿ ನಡೆದುದೇ ನಿದರ್ಶನ. ಅಂತಿಮ ಸುತ್ತಿಗೆ ಮುಂಚೆ ಶ್ರೀ ಅಭಿನವ್ ಬಿಂದ್ರಾ ಅವರು ಪರೀಕ್ಷೆಗಾಗಿ ಹೊಡೆದ ಗುಂಡು ಗುರಿಯಿಂದ ಬಹುದೂರ ಬಿದ್ದಿತು. ತಮ್ಮ ರೈಫಲಿನ ಗುರಿಗಿಂಡಿಯನ್ನು ಯಾರೋ ಕದಲಿಸಿದ್ದರೆಂದು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿರುವರು. ದೊರೆತ ಕೆಲವೇ ನಿಮಿಷಗಳಲ್ಲಿ ತಿರುಪುಗಳನ್ನು ತಿರುಗಿಸಿ ಅದನ್ನು ನೆಟ್ಟಗೆ ಮಾಡಿಕೊಂಡರು. ಕೊನೆಯ ಗುಂಡಿಗೆ ಮುಂಚೆ ಫಿನ್‌ಲೆಂಡಿನ ಹೆನ್ರಿ ಹಾಕಿನೆನ್ ಅವರೂ ಇವರೂ ಸಮಸಮವಾಗಿದ್ದರು. ಇವರು ೧೦.೮ ಹೊಡೆದರು, ಮೊತ್ತ ೭೦೦.೫, ಭಾರತೀಯನೊಬ್ಬನು ಒಲಿಂಪಿಕ್ಸಿನಲ್ಲಿ ವೈಯಕ್ತಿಕವಾಗಿ ಗೆದ್ದ ಮೊದಲ ಸ್ವರ್ಣಪದಕ. ಆ ರೈಫಲನ್ನು ಹಣದಿಂದ ಕೊಳ್ಳಬಹುದಾಗಿತ್ತು. ಆ ನಿಮಿಷಗಳ ವಿವೇಕವನ್ನು ಕೊಳ್ಳಲಾಗುತ್ತಿರಲಿಲ್ಲ.

ಆದರೆ ಇಲ್ಲಿಯೇ ಒಂದು ಆಕ್ಷೇಪಣೆಯುಂಟು. ಬಿಂದ್ರಾ ಅವರಿಗೆ ಮನೆಯಂಗಳದಲ್ಲಿಯೇ ಗುರಿಯಭ್ಯಾಸದ ಶಾಲೆಯಿದ್ದಿತು. ಬಡವನ ಮಗನು ಪರೀಕ್ಷೆ ಮಾಡುವುದಾದರೂ ಎಲ್ಲಿ? ಇದಕ್ಕೆ ಉತ್ತರವು ನೆರೆಯ ಕೊಲ್ಲಾಪುರ ಜಿಲ್ಲೆಯಿಂದಲೇ ದೊರೆತಿದೆ. ಶಾಲಾ ಶಿಕ್ಷಕರ ಮಗನಾದ ಶ್ರೀ ಸ್ವಪ್ನಿಲ್ ಕುಸಾಳೆ ಅವರು ೨೦೦೯ರಲ್ಲಿ ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿಯನ್ನು ಸೇರಿದರು. ಅನಂತರ ರೈಲ್ವೆಯಲ್ಲಿ ಟಿಕೆಟು ಪರೀಕ್ಷಕರಾದರು. ೨೦೨೪ರ ಆಗಸ್ಟ್ ೧ರಂದು ಪ್ಯಾರಿಸ್ ಒಲಿಂಪಿಕ್ಸಿನ ೫೦ ಮೀಟರಿನ ಮೂರು ಭಂಗಿಗಳ ಪಂದ್ಯದಲ್ಲಿ ೪೫೧.೪ ಅಂಕಗಳೊಡನೆ ಕಂಚಿನ ಪದಕವನ್ನು ಗಳಿಸಿದರು. ಮನೆಯ ಐಶ್ವರ್ಯವು ಮಾಡಬಹುದಾದುದನ್ನು ಸಾರ್ವಜನಿಕ ಸಂಸ್ಥೆಯೂ ಮಾಡಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ.

ಸ್ವದೇಶಿಯ ಅಭಿಮಾನಿಗಳು, ಈ ಎಲ್ಲ ರೈಫಲುಗಳೂ ಪರದೇಶದವೇ ಏಕಾಗಬೇಕೆಂದು ಕೇಳುವುದು ನ್ಯಾಯವಾಗಿದೆ. ಇಛಾಪುರದ ಸರ್ಕಾರಿ ಕಾರಖಾನೆಯು .೨೨ ರೈಫಲನ್ನು ತಯಾರಿಸಿದೆ; ಗಾಳಿಯ ರೈಫಲುಗಳನ್ನು ಮಾಡುವವರೂ ನಮ್ಮಲ್ಲಿದ್ದಾರೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ಮಾತ್ರ ಜರ್ಮನರ ಕಡೆಗೇ ನೋಡುತ್ತಿರುವೆವು. ಆ ಜರ್ಮನರ ಕಥೆಯನ್ನಾದರೂ ನಾವು ಓದಿಕೊಳ್ಳುವುದು ಲೇಸು. ಎರಡನೆಯ ಮಹಾಯುದ್ಧದಲ್ಲಿ ಸೋತ ಮೇಲೆ ಅವರಿಗೆ ಆಯುಧಗಳನ್ನು ತಯಾರಿಸುವುದೇ ನಿಷಿದ್ಧವಾಯಿತು. ವಾಲ್ಥರ್ ಮತ್ತು ಆನ್‌ಶುಟ್ಜ್ ಮನೆತನದವರು ಥುರಿಂಗಿಯಾದ ತಮ್ಮ ಹಳೆಯ ಊರನ್ನು ಬಿಟ್ಟುಬಂದು, ಉಲ್ಮ್ ಪಟ್ಟಣದಲ್ಲಿ ಹೊಸದಾಗಿ ನೆಲೆಗೊಂಡರು. ವಾಲ್ಥರ್ ಕಂಪನಿಯು ಲೆಕ್ಕದ ಯಂತ್ರಗಳನ್ನು ಮಾಡಿಯೂ ಕಾಲ ಕಳೆಯಿತು. ಓಬರ್ನ್‌ಡಾರ್ಫಿನಲ್ಲಿ ಮೌಸರ್ ಕಾರಖಾನೆಯು ಹಾಳಾದ ಮೇಲೆ, ಅದರ ಇಂಜನಿಯರುಗಳಿಬ್ಬರು ೧೯೪೯ರಲ್ಲಿ ಫೈನ್‌ವೆರ್ಕ್‌ಬೌವನ್ನು ಸ್ಥಾಪಿಸಿದರು. ಕಟ್ಟಡಗಳು ಹೋದರೂ ಸೂಕ್ಷ್ಮವಾಗಿ ಅಳೆಯುವ ಅವರ ಅಭ್ಯಾಸವು ಹೋಗಲಿಲ್ಲ. ಯಂತ್ರೋಪಕರಣಗಳ ಕೆಲಸದಲ್ಲಿ ಹೆಸರಾದ ಬೆಂಗಳೂರಿಗೆ ಈ ಅಭ್ಯಾಸವು ಅಸಾಧ್ಯವೆಂದು ನಾವು ಒಪ್ಪಲಾರೆವು. ಆದರೆ ನಳಿಗೆಯನ್ನು ಪರೀಕ್ಷಿಸಿ ಗುಣದೋಷಗಳನ್ನು ಹೇಳಬಲ್ಲ ಗಿರಾಕಿಗಳಿಲ್ಲದೆ ಒಳ್ಳೆಯ ನಳಿಗೆಯನ್ನು ಮಾಡುವ ಕಮ್ಮಾರನು ಹುಟ್ಟಲಾರನು. ಪರೀಕ್ಷೆಯು ಮೊದಲು, ತಯಾರಿಕೆಯು ಅನಂತರ.

ಆದುದರಿಂದ ೧೯೫೧ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ರೈಫಲ್ ಸಂಘವೂ, ರಾಜ್ಯದ ಸಂಘಗಳೂ, ಸರ್ಕಾರದ ಕ್ರೀಡಾ ಇಲಾಖೆಯೂ ನಮ್ಮ ಮೂರು ಸೂಚನೆಗಳನ್ನು ಪರ್ಯಾಲೋಚಿಸಬೇಕೆಂದು ಕೋರುತ್ತೇವೆ. ಮೊದಲನೆಯದಾಗಿ, ಪ್ರತಿಯೊಂದು ಮುಖ್ಯ ಅಭ್ಯಾಸಶಾಲೆಯಲ್ಲಿಯೂ ರೈಫಲನ್ನು ಬಿಗಿದು ಗುಂಡುಗಳನ್ನು ಪರೀಕ್ಷಿಸುವ ಹಿಡಿಕೆಯೊಂದಿರಲಿ. ಅದರ ಫಲಿತಾಂಶಗಳನ್ನು ಎಲ್ಲರೂ ನೋಡುವಂತೆ ಪುಸ್ತಕದಲ್ಲಿ ಬರೆದಿಡಲಿ. ಎರಡನೆಯದಾಗಿ, ಹೊಂದಾಣಿಕೆಯ ಬಟ್ಟುಗಳುಳ್ಳ ಕೆಲವು ರೈಫಲುಗಳನ್ನು ಸಂಘದ ಸ್ವತ್ತಾಗಿ ಇಟ್ಟು, ಕಲಿಯುವವನು ತನ್ನ ಮೈಯ ಅಳತೆಯನ್ನು ಅರಿತ ಮೇಲೆಯೇ ಸ್ವಂತಕ್ಕೆ ಕೊಳ್ಳುವಂತೆ ಮಾಡಲಿ. ಮೂರನೆಯದಾಗಿ, ೧೯೫೯ರ ಶಸ್ತ್ರ ಕಾಯಿದೆಯ ಮೇರೆಗೆ .೨೨ ರೈಫಲಿಗೆ ಬೇಕಾದ ಲೈಸೆನ್ಸಿನ ಅರ್ಜಿಗಳನ್ನು, ಭದ್ರತೆಗೆ ಬಾಧೆಯಿಲ್ಲದಂತೆ, ಕಚೇರಿಗಳಲ್ಲಿ ವೃಥಾ ಕೊಳೆಹಾಕದೆ ಅಧಿಕಾರಿಗಳು ತೀರ್ಮಾನಿಸಲಿ. ಗುರಿಕಾರನ ಯೌವನವು ಕಡತಕ್ಕಾಗಿ ಕಾಯುವುದಿಲ್ಲ.

ಇವುಗಳಿಗೆ ತಗಲುವ ವೆಚ್ಚವು ಪದಕ ಗೆದ್ದ ಮೇಲೆ ನಾವು ಸಲ್ಲಿಸುವ ಸನ್ಮಾನಗಳ ವೆಚ್ಚದ ಮುಂದೆ ಹೆಚ್ಚಲ್ಲ. ಗೆದ್ದವರಿಗೆ ಹಾರ ಹಾಕುವುದು ಯುಕ್ತವೇ. ಇನ್ನೂ ಗೆಲ್ಲದಿರುವ ಬಡ ಹುಡುಗನ ಕೈಗೆ ಅವನಿಗೆ ಸಲ್ಲುವ ರೈಫಲನ್ನು ಅಳೆದು ಕೊಡುವುದು ಅದಕ್ಕಿಂತಲೂ ಯುಕ್ತವಾದ ದೇಶಸೇವೆಯೆಂದು ನಾವು ನಂಬುತ್ತೇವೆ.