ಮಾರುವ ಮೊದಲು ಕೂಸಿನ ಪಾಲು ತೆಗೆದಿಡಿರಿ

ರಾಶಿಯಾದ ಕೂಡಲೇ ನಾವು ಒಕ್ಕಲಿಗರು ಮೊದಲು ತೆಗೆಯುವುದು ಬೀಜದ ಪಾಲು, ಆಳಿನ ಪಾಲು, ಸಾಲದ ಪಾಲು. ಉಳಿದುದು ಚೀಲ ತುಂಬಿ ಪೇಟೆಗೆ ಹೋಗುತ್ತದೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತದ್ದು ನಮಗೆಲ್ಲ ಹೆಮ್ಮೆಯ ಮಾತು. ಆದರೆ ತೊಗರಿ ಬೆಳೆದವರ ಮನೆಯಲ್ಲಿಯೇ ಕೂಸು ನೀರುಗಂಜಿ ಕುಡಿದು, ಚಹಾದಲ್ಲಿ ಅದ್ದಿದ ಬಿಸ್ಕೀಟು ತಿಂದು ಬಡಕಲಾಗಿರುವುದುಂಟು. ರಾಶಿಯಲ್ಲಿ ಕೂಸಿಗೂ ಒಂದು ಪಾಲಿದೆ ಎಂದು ರೈತ ಬಂಧುಗಳಿಗೆ ನೆನಪು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ತೂಕ ಎಷ್ಟು ಏರಬೇಕು?

ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆಯಿದ್ದ ಕೂಸಿಗೆ ಹೆಚ್ಚಿನ ಆರೈಕೆ ಬೇಕು. ಸಾಮಾನ್ಯವಾಗಿ ಹುಟ್ಟಿದಾಗಿನ ತೂಕ ಸುಮಾರು ಐದು ತಿಂಗಳಿಗೆ ಇಮ್ಮಡಿ, ವರ್ಷಕ್ಕೆ ಮುಮ್ಮಡಿಯಾಗುತ್ತದೆ. 2.8 ಕಿಲೋ ಇದ್ದ ಕೂಸು ಐದು ತಿಂಗಳಿಗೆ 5.6, ವರ್ಷಕ್ಕೆ 8.4 ಕಿಲೋ ಆಗಬೇಕೆಂದು ಲೆಕ್ಕ.

ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಆರು ತುಂಬಿದ ಮೇಲೆ ಹಾಲಿನ ಜೊತೆಗೆ ಊಟವೂ ಬೇಕು. ಬಹಳ ಕೂಸುಗಳ ತೂಕ ನಿಂತುಬಿಡುವುದು ಈ ಹಂತದಲ್ಲಿಯೇ. ದೃಷ್ಟಿ ತಾಕಿತೆಂದು ಹಿರಿಯರು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ನಿವಾಳಿಸಲಿ, ಕೇಡೇನಿಲ್ಲ, ಆದರೆ ಅಷ್ಟಕ್ಕೇ ಬಿಡಬಾರದು. ಎಂಟು ಕಿಲೋ ತೂಗುವ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿಲಿಲೀಟರು ಮಾತ್ರ. ಅದನ್ನು ನೀರುಗಂಜಿಯಿಂದ ತುಂಬಿಸಿದರೆ ಹೊಟ್ಟೆ ತುಂಬೀತು, ಮೈ ತುಂಬದು. ಚಮಚೆ ಓರೆ ಮಾಡಿದರೂ ಜಾರಿ ಬೀಳದಷ್ಟು ಗಂಜಿ ಗಟ್ಟಿಯಾಗಿರಬೇಕು.

ಹೈದರಾಬಾದ ಮಿಶ್ರಣ

ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಡವರ ಮನೆಯಲ್ಲಿಯೂ ಮಾಡಬಹುದಾದ ಒಂದು ಹಿಟ್ಟನ್ನು ಗೊತ್ತುಮಾಡಿದರು. ಅದಕ್ಕೆ ‘ಹೈದರಾಬಾದ ಮಿಶ್ರಣ’ ಎಂದು ಹೆಸರು. ಹುರಿದ ಗೋಧಿ 40 ಗ್ರಾಂ, ಪುಟಾಣಿ 16 ಗ್ರಾಂ, ಹುರಿದ ಶೇಂಗಾ 10 ಗ್ರಾಂ, ಬೆಲ್ಲ 20 ಗ್ರಾಂ. ಇಷ್ಟರಲ್ಲಿ 330 ಕ್ಯಾಲೊರಿ ಶಕ್ತಿ, ಸುಮಾರು 11 ಗ್ರಾಂ ಪ್ರೋಟೀನು ಇದೆ. ಒಂಬತ್ತರಿಂದ ಹನ್ನೊಂದು ತಿಂಗಳ ಕೂಸಿಗೆ ತಾಯಿಯ ಹಾಲಲ್ಲದೆ ದಿನಕ್ಕೆ ಬೇಕಾದದ್ದು ಸುಮಾರು 300 ಕ್ಯಾಲೊರಿ.

ಗೋಧಿಗೆ ಬದಲು ನಮ್ಮ ಜೋಳವನ್ನು, ಪುಟಾಣಿಗೆ ಬದಲು ಹುರಿದ ಹೆಸರು ಬೇಳೆ ಅಥವಾ ತೊಗರಿ ಬೇಳೆಯನ್ನು ಹಾಕಬಹುದು. ಎರಡು ವರ್ಷದೊಳಗಿನ ಕೂಸಿಗೆ ಬೆಲ್ಲ, ಸಕ್ಕರೆ ಬೇಡವೆಂಬುದು ಈಗಿನ ತಜ್ಞರ ಸಲಹೆ. ಆದ್ದರಿಂದ ಬೆಲ್ಲ ಬಿಟ್ಟು, ದಿನದ ಗಂಜಿಗೆ ಎರಡು ಚಿಕ್ಕ ಚಮಚೆ ಎಣ್ಣೆಯನ್ನೋ ತುಪ್ಪವನ್ನೋ ಬೆರೆಸಿರಿ. ಬೂಷ್ಟು ಹಿಡಿದ ಶೇಂಗಾ ಆರಿಸಿ ಚೆಲ್ಲಿರಿ, ಅದರಲ್ಲಿ ವಿಷವಿರುತ್ತದೆ. ಇಡೀ ಕಾಳು ಕೊಟ್ಟರೆ ಗಂಟಲಿಗೆ ಸಿಕ್ಕೀತು. ನುಣ್ಣಗೆ ಪುಡಿ ಮಾಡಿ ಬೇಯಿಸಿಯೇ ಉಣಿಸಬೇಕು. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ ಕೊಡಿರಿ. ಇದರೊಡನೆ ನುಗ್ಗೆ ಸೊಪ್ಪು, ಬೇಯಿಸಿದ ತತ್ತಿ, ವರ್ಷ ತುಂಬುತ್ತ ಬಂದಂತೆ ಬೇಳೆಯಲ್ಲಿ ಮಿದ್ದ ರೊಟ್ಟಿಯೂ ಸೇರಲಿ.

ಇಪ್ಪತ್ತೈದು ಕಿಲೋದ ಲೆಕ್ಕ

ಇನ್ನು ಒಕ್ಕಲುತನದ ಲೆಕ್ಕ. ಈ ಅಳತೆಯಂತೆ ಒಂದು ಕೂಸಿಗೆ ವರ್ಷಕ್ಕೆ ಜೋಳ 15 ಕಿಲೋ, ಬೇಳೆ 6 ಕಿಲೋ, ಶೇಂಗಾ ಬೀಜ 4 ಕಿಲೋ ಸಾಕು. ಎಲ್ಲ ಕೂಡಿ 25 ಕಿಲೋ. ಅರ್ಧ ಚೀಲವೂ ಆಗಲಿಲ್ಲ. ಹತ್ತಿ, ಸೋಯಾ, ಕಬ್ಬು ಒಂದನ್ನೇ ಹಾಕಿದ ಹೊಲದಲ್ಲಿ ಈ ಅರ್ಧ ಚೀಲವೂ ಹುಟ್ಟುವುದಿಲ್ಲ. ತೊಗರಿಯ ನಡುವೆ ಕೆಲವು ಸಾಲು ಜೋಳ, ಹೆಸರು ಹಾಕಿದರೆ ಆದಾಯಕ್ಕೆ ದೊಡ್ಡ ಪೆಟ್ಟೇನೂ ಬೀಳದು. ಜಹೀರಾಬಾದ ಬಳಿಯ ಪಸ್ತಾಪುರದಲ್ಲಿ ನೆಲೆಸಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಹೀಗೆ ಹಲವು ಧಾನ್ಯ ಕೂಡಿಸಿ ಬೆಳೆದೇ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯನ್ನು ಪಡೆದವು. ಮಳೆ ನಂಬಿ ಬಿತ್ತುವ ಹೆಣ್ಣುಮಕ್ಕಳು ಮಾಡಿ ತೋರಿಸಿದ್ದು ನಮಗೇಕೆ ಆಗದು?

ತೂಕದ ಗೆರೆ ನೋಡಿರಿ

1956ರಲ್ಲಿ ಗಡಿ ಗೆರೆ ಎಳೆದಾಗ ನಾವು ಈಚೆಗೆ ಉಳಿದೆವು. ಆದ್ದರಿಂದ ಅಂಗನವಾಡಿಯ ಕಾರ್ಡಿನ ಬರಹ ತೆಲುಗು. ನಮ್ಮ ತಾಯಂದಿರು ಅದನ್ನು ಓದಲಾಗದೆ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಾರೆ. ಅಕ್ಷರ ಬಾರದಿದ್ದರೂ ಗೆರೆ ತಿಳಿಯುತ್ತದೆ. ತಿಂಗಳಿಗೊಮ್ಮೆ ತೂಕ ಮಾಡಿಸಿ, ಗೆರೆ ಮೇಲೇರಿದೆಯೇ ಎಂದು ಕೇಳಿರಿ. ಗೆರೆ ಅಡ್ಡ ಹೋದರೆ ಅಥವಾ ಕೆಳಗಿಳಿದರೆ ವೈದ್ಯರಿಗೆ ತೋರಿಸಿರಿ. ಆರು ತಿಂಗಳು ದಾಟಿದ ಕೂಸಿನ ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಒಂದು ದಿನವೂ ತಡೆಯಬೇಡಿರಿ. ಭೇದಿಯಾದಾಗಲೂ ಹಾಲು, ಊಟ ನಿಲ್ಲಿಸಬಾರದು. ಅಂಗನವಾಡಿಯಲ್ಲಿ ಕೊಡುವ ಬಾಲಾಮೃತಂ ಹಿಟ್ಟನ್ನು ಮನೆಮಂದಿಯೆಲ್ಲ ಹಂಚಿಕೊಳ್ಳದೆ ಕೂಸಿಗೇ ಉಣಿಸಿರಿ.

ಈ ಸಲ ರಾಶಿಯಾದಾಗ ಬೀಜದ ಚೀಲದ ಪಕ್ಕದಲ್ಲಿ ಇನ್ನೊಂದು ಸಣ್ಣ ಚೀಲ ಇಡಿರಿ. ದರ ಎಷ್ಟೇ ಏರಲಿ, ಅದರ ಬಾಯಿ ಬಿಚ್ಚಿ ಮಾರಬೇಡಿರಿ.