ಎರಡು ದಿನದ ಹೊಗೆಬಂಡಿಗೆ ಎಷ್ಟು ನೀರು ಬೇಕು?

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹಳೆಯ ಉಗಿ ಎಂಜಿನ್ನಿನ ರೈಲೊಂದು ಶನಿವಾರ ಒಮ್ಮೆ, ಭಾನುವಾರ ಒಮ್ಮೆ ಹೋಗಿಬಂದರೆ ಸುಡುವ ಕಲ್ಲಿದ್ದಲು ಸುಮಾರು 10 ಟನ್, ಕುಡಿಯುವ ನೀರು ಸುಮಾರು 50 ಸಾವಿರ ಲೀಟರ್. ಅಂಥ ರೈಲು ಇಲ್ಲಿಲ್ಲ, ಬರುವ ಸೂಚನೆಯೂ ಇಲ್ಲ. ಆದರೂ ಪರಂಪರೆಯ ರೈಲು ಎಂದಕೂಡಲೇ ನಮ್ಮಲ್ಲಿ ನೆನಪು, ಸೊಬಗು, ಫೋಟೊ ಎಂದು ಮಾತು ಸಾಗುತ್ತದೆಯೇ ಹೊರತು ಯಾರೂ ತಕ್ಕಡಿ ಹಿಡಿಯುವುದಿಲ್ಲ. ಒಮ್ಮೆ ಹಿಡಿದು ನೋಡೋಣ.

ಸ್ವಯಂಸೇವಕರೇ ನಡೆಸುವ ರೈಲು ಜಗತ್ತಿನಲ್ಲಿ ಮೊದಲು ಶುರುವಾದದ್ದು ವೇಲ್ಸ್‌ನಲ್ಲಿ. ಟಾಲಿಲಿನ್ ರೈಲ್ವೆ 1865ರಲ್ಲಿ ಕಲ್ಲುಹಲಗೆ ಸಾಗಿಸಲು ಹಾಕಿದ ದಾರಿ. ಹಳಿಗಳ ನಡುವೆ 686 ಮಿಲಿಮೀಟರ್, ಉದ್ದ 11.7 ಕಿ.ಮೀ. 1950ರಲ್ಲಿ ಅದರ ಒಡೆಯ ತೀರಿಕೊಂಡಾಗ ಮುಚ್ಚಿಹೋಗಬೇಕಿತ್ತು. ಅದೇ ವರ್ಷದ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು ಅದನ್ನು ಉಳಿಸಲು ಸಭೆ ಸೇರಿಸಿದರು. 1951ರ ಮೇ 14ರಂದು ಸ್ವಯಂಸೇವಕರ ಮೊದಲ ರೈಲು ಹೊರಟಿತು. ಓಡುವ ಸ್ಥಿತಿಯಲ್ಲಿ ಉಳಿದಿದ್ದದ್ದು ಒಂದೇ ಎಂಜಿನ್. 2026ರ ಮೇ 14ಕ್ಕೆ ಆ ಮೊದಲ ಓಟಕ್ಕೆ 75 ವರ್ಷ.

ನಮ್ಮ ಕಡೆ ಇದಕ್ಕೆ ಹತ್ತಿರದ್ದು ನೀಲಗಿರಿಯ ರೈಲು. ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಅಲ್ಲಿಂದ ಊಟಿಗೆ 1908ರ ಅಕ್ಟೋಬರ್ 15ರಂದು. ಯುನೆಸ್ಕೊ ಪಟ್ಟಿಗೆ ಸೇರಿದ್ದು 2005ರಲ್ಲಿ. ಒಟ್ಟು 46 ಕಿ.ಮೀ., 208 ತಿರುವು, 16 ಸುರಂಗ, 250 ಸೇತುವೆ. ಸಮುದ್ರಮಟ್ಟದಿಂದ 330 ಮೀಟರ್ ಎತ್ತರದಲ್ಲಿ ಹೊರಟು 2,203 ಮೀಟರಿಗೆ ಹತ್ತುವಷ್ಟರಲ್ಲಿ 290 ನಿಮಿಷ, ಅಂದರೆ ಗಂಟೆಗೆ ಒಂಬತ್ತೂವರೆ ಕಿ.ಮೀ. ವಾರ್ಷಿಕೋತ್ಸವ ಬಂದಾಗ ಕೇಕು ಕತ್ತರಿಸಿ, ಪ್ರಯಾಣಿಕರಿಗೆ ಸಿಹಿ ಹಂಚುವವರು ಊಟಿಯ ಹೆರಿಟೇಜ್ ಸ್ಟೀಮ್ ಚಾರಿಯಟ್ ಟ್ರಸ್ಟ್‌ನ ಅಭಿಮಾನಿಗಳು. ಓಡಿಸುವುದು ಮಾತ್ರ ರೈಲ್ವೆ ಇಲಾಖೆ. ಹಬ್ಬ ಜನರದು, ಬಂಡಿ ಸರ್ಕಾರದ್ದು. ಭಾರತದಲ್ಲಿ ಸದ್ಯ ಇದಕ್ಕಿಂತ ಮುಂದೆ ಹೋಗಲು ದಾರಿಯೂ ಇಲ್ಲ: ಇಲಾಖೆಯ ಹಳಿಯ ಮೇಲೆ ಹವ್ಯಾಸಿಗಳ ಕೈಗೆ ಎಂಜಿನ್ ಕೊಡುವಂತಿಲ್ಲ.

ಚಳ್ಳಕೆರೆ–ಮೊಳಕಾಲ್ಮುರು ನೇರ ಗೆರೆ ಎಳೆದರೇ 45 ಕಿ.ಮೀ. ಆಗುತ್ತದೆ. ಹಳಿಯ ಲೆಕ್ಕಕ್ಕೆ ದುಂಡಾಗಿ 50 ಎನ್ನೋಣ. ಉದ್ದದಲ್ಲಿ ನೀಲಗಿರಿಯ ಜೋಡಿ, ಏರಿನಲ್ಲಿ ಅದರ ಹತ್ತಿರಕ್ಕೂ ಇಲ್ಲ. ಚಿಕ್ಕಜಾಜೂರು–ಚಿತ್ರದುರ್ಗ–ರಾಯದುರ್ಗ–ಬಳ್ಳಾರಿ ದಾರಿಯ ತುಂಡು ಇದು, ಬ್ರಾಡ್‌ಗೇಜ್. ಆದ್ದರಿಂದ ಎಂಜಿನ್ನೂ ಬ್ರಾಡ್‌ಗೇಜಿನದೇ ಆಗಬೇಕು. ಮೂತಿ ಉಬ್ಬಿಸಿಕೊಂಡು, ಅದರ ಮೇಲೆ ನಕ್ಷತ್ರ ಬಿಡಿಸಿಕೊಂಡು ಮೇಲ್ ಗಾಡಿಗಳನ್ನು ಎಳೆಯುತ್ತಿದ್ದ ಡಬ್ಲ್ಯುಪಿ ಜಾತಿ ಸರಿಹೋಗುತ್ತದೆ. 1947ರಿಂದ 1967ರವರೆಗೆ ಇಂಥವು 755 ಬಂದವು. ಓಡುವ ಸ್ಥಿತಿಯಲ್ಲಿಟ್ಟ ಒಂದೆರಡು ಹರಿಯಾಣದ ರೇವಾಡಿ ಶೆಡ್‌ನಲ್ಲಿವೆ, ಇಲ್ಲಿಂದ ಸುಮಾರು ಎರಡು ಸಾವಿರ ಕಿ.ಮೀ. ದೂರ.

ಈಗ ಕಲ್ಲಿದ್ದಲು. ಆರು ಬೋಗಿಯ ಗಾಡಿಗೆ ಕಿ.ಮೀ.ಗೆ 35 ಕೆ.ಜಿ. ಹಿಡಿಯೋಣ. ಎರಡು ದಿನಕ್ಕೆ 200 ಕಿ.ಮೀ., ಅಂದರೆ 7 ಟನ್. ನಸುಕಿನಲ್ಲಿ ಬೆಂಕಿ ಎಬ್ಬಿಸಿ ಉಗಿ ಕಟ್ಟಲು, ನಿಲ್ದಾಣದಲ್ಲಿ ಸುಮ್ಮನೆ ನಿಂತಿರಲು ದಿನಕ್ಕೆ ಒಂದೂವರೆ ಟನ್. ಒಟ್ಟು 10. ಕೆ.ಜಿ.ಗೆ 10 ರೂಪಾಯಿ ಎಂದರೆ 1 ಲಕ್ಷ.

ಇಲ್ಲೊಂದು ಅಡ್ಡಮಾತು. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಶೇಂಗಾ ಸಿಪ್ಪೆ ಬಾಯ್ಲರಿಗೆ ಹೊಸದಲ್ಲ. ಕಲ್ಲಿದ್ದಲಿನ ಕೆ.ಜಿ.ಗೆ 20 ಮೆಗಾಜೌಲ್ ಶಾಖ ಇದ್ದರೆ ಸಿಪ್ಪೆಗೆ 16-17. ಹತ್ತು ಟನ್ ಇದ್ದಲಿನ ಕೆಲಸಕ್ಕೆ ಸಿಪ್ಪೆ 12 ಟನ್ ಸಾಕು. ಕಾಯಿಯ ತೂಕದಲ್ಲಿ ಸಿಪ್ಪೆ ನೂರಕ್ಕೆ 28 ಎಂದರೆ ಸುಮಾರು 43 ಟನ್ ಶೇಂಗಾ ಸುಲಿಯಬೇಕು. ಹಾಗಂತ ಇದ್ದಲಿಗೆಂದೇ ಕಟ್ಟಿದ ಒಲೆಗೆ ಸಿಪ್ಪೆ ಸುರಿದರೆ ಅರ್ಧ ಸುಡುವ ಮೊದಲೇ ಚಿಮಣಿಯಿಂದ ಕಿಡಿಯಾಗಿ ಹಾರಿ ಹೊಲಕ್ಕೆ ಬೀಳುತ್ತದೆ. ಆಸೆ ಬಿಡುವುದೇ ಒಳ್ಳೆಯದು.

ನೀರಿನ ಲೆಕ್ಕಕ್ಕೆ ಪುಸ್ತಕ ಬೇಡ, ಶಾಖದ ಲೆಕ್ಕವೇ ಸಾಕು. ಇದ್ದಲಿನ 20 ಮೆಗಾಜೌಲ್‌ನಲ್ಲಿ ಬಾಯ್ಲರ್ ಹಿಡಿದಿಟ್ಟುಕೊಳ್ಳುವುದು 13. ಒಂದು ಲೀಟರ್ ನೀರನ್ನು ಒತ್ತಡದ ಉಗಿ ಮಾಡಲು ಎರಡೂಮುಕ್ಕಾಲು ಬೇಕು. ಅಂದರೆ ಕೆ.ಜಿ. ಇದ್ದಲಿಗೆ ಹೆಚ್ಚುಕಡಿಮೆ 5 ಲೀಟರ್. 10 ಟನ್ನಿಗೆ 50 ಸಾವಿರ. ಡಬ್ಲ್ಯುಪಿಯ ಟೆಂಡರ್, ಅಂದರೆ ಎಂಜಿನ್ನಿನ ಹಿಂದೆ ನೀರು, ಇದ್ದಲು ಹೊರುವ ಬಂಡಿ, ಹಿಡಿಸುವುದು ಸುಮಾರು 25 ಸಾವಿರ ಲೀಟರ್, ಎರಡು ಸಲ ಭರ್ತಿ. 5 ಸಾವಿರ ಲೀಟರಿನ ಟ್ಯಾಂಕರಿಗೆ 800 ರೂಪಾಯಿ ಕೊಟ್ಟರೆ 10 ಟ್ಯಾಂಕರಿಗೆ 8 ಸಾವಿರ.

ರೂಪಾಯಿ ಸುಳ್ಳು ಹೇಳುವುದು ಇಲ್ಲಿಯೇ. ಇದ್ದಲು 1 ಲಕ್ಷ, ನೀರು 8 ಸಾವಿರ ಎಂದು ಬರೆದ ಕಾಗದ ನೋಡಿದವರು ನೀರನ್ನು ಚಿಲ್ಲರೆ ಎಂದುಕೊಳ್ಳುತ್ತಾರೆ. ಹಳ್ಳಿಯ ಮನೆಗಳಿಗೆ ಜಲಜೀವನ್ ಯೋಜನೆ ಹಾಕಿಕೊಂಡ ಗುರಿ ತಲೆಗೆ ದಿನಕ್ಕೆ 55 ಲೀಟರ್. ಆ ಅಳತೆಯಲ್ಲಿ 50 ಸಾವಿರ ಲೀಟರ್ ಎಂದರೆ 909 ಜನರ ಒಂದು ದಿನದ ನೀರು. ವೇಲ್ಸ್‌ನಲ್ಲಿ ಇದು ಪ್ರಶ್ನೆಯೇ ಅಲ್ಲ, ಅಲ್ಲಿ ದಾರಿಯ ಪಕ್ಕದ ಹಳ್ಳವೇ ಎಂಜಿನ್ನಿಗೆ ನೀರುಣಿಸುತ್ತದೆ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಬಿಂದಿಗೆ ಹಿಡಿದು ನಿಂತವರ ಎದುರು ಟೆಂಡರ್ ತುಂಬಿಸುವ ಧೈರ್ಯ ಯಾವ ಸಂಘಕ್ಕೂ ಬರಲಾರದು, ಬರಬಾರದು ಕೂಡ.

ಕೊಳವೆಬಾವಿ ನೀರಿಗೆ ಇನ್ನೊಂದು ಕಾಟ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಸಂಸ್ಥೆ ಬಿಟ್ಟಿರುವ ಕೊನೆಯ ಮಿತಿ ಲೀಟರಿಗೆ 600 ಮಿಲಿಗ್ರಾಂ. ಆ ಮಿತಿಯ ನೀರನ್ನೇ ಹಾಕಿದರೂ ಎರಡು ದಿನದಲ್ಲಿ ಬಾಯ್ಲರಿನೊಳಗೆ ಸೇರುವ ಸುಣ್ಣದಂಶ 30 ಕೆ.ಜಿ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹೊಪ್ಪಳೆ ಇದೇ. ಎಂಜಿನ್ನಿನ ಕೊಳವೆಗಳಲ್ಲಿ ಕಟ್ಟಿದರೆ ಶಾಖ ನೀರಿಗೆ ಮುಟ್ಟದೆ ಕೊಳವೆಯೇ ಸುಡುತ್ತದೆ.

ಎರಡಕ್ಕೂ ಒಂದೇ ಮದ್ದು ನಿಲ್ದಾಣದ ಚಾವಣಿ. ಕಟ್ಟಡ, ಪ್ಲಾಟ್‌ಫಾರಂ ಮಾಡು ಸೇರಿ 600 ಚದರ ಮೀಟರ್ ಎನ್ನೋಣ. ವರ್ಷದ ಮಳೆ 500 ಮಿ.ಮೀ., ಅದರಲ್ಲಿ ನೂರಕ್ಕೆ 80 ಕೈಗೆ ಸಿಕ್ಕರೆ 2 ಲಕ್ಷ 40 ಸಾವಿರ ಲೀಟರ್. ಬರ ಬಂದು ಅರ್ಧವೇ ಸುರಿದರೂ 1 ಲಕ್ಷ 20 ಸಾವಿರ, ಎಂಜಿನ್ನಿಗೆ ಬೇಕಾದ್ದರ ಎರಡರಷ್ಟಕ್ಕಿಂತ ಹೆಚ್ಚು. ಮಳೆನೀರಿನಲ್ಲಿ ಸುಣ್ಣ ಇಲ್ಲದಷ್ಟು ಕಡಿಮೆ. ಬಾಯ್ಲರಿಗೆ ಬೇಕಾದದ್ದೂ ಅದೇ. ಐದು ಮೀಟರ್ ಉದ್ದ, ಐದು ಅಗಲ, ಎರಡು ಆಳದ ತೊಟ್ಟಿ ಸಾಕು. ಈ ಸೀಮೆಗೆ ದೊಡ್ಡ ಮಳೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಹಾಗಾಗಿ ಈ ಎರಡು ದಿನದ ರೈಲು ಹಬ್ಬ ಇಡುವುದಾದರೆ ಟಾಲಿಲಿನ್‌ನ ಹಾಗೆ ಮೇ ತಿಂಗಳಲ್ಲಿ ಅಲ್ಲ, ಶೇಂಗಾ ಕಿತ್ತ ಮೇಲೆ, ಡಿಸೆಂಬರಿನಲ್ಲಿ.

ಇನ್ನು ಆಳು. ಜನರನ್ನು ಹಳಿಯಿಂದ ದೂರ ಇಡಲು, ಮಜ್ಜಿಗೆ ಕೊಡಲು, ಕಸ ಎತ್ತಲು 100 ಸ್ವಯಂಸೇವಕರು, ಎರಡು ದಿನ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಆ ದರ ಕಟ್ಟಿದರೆ 74 ಸಾವಿರ. ಆರು ಬೋಗಿಗೆ ತಲಾ 72 ಸೀಟು, ಎರಡು ದಿನಕ್ಕೆ 864 ಜನ. ಇದ್ದಲು, ನೀರು ಎರಡೇ ಲೆಕ್ಕ ಹಿಡಿದರೆ ತಲೆಗೆ 125 ರೂಪಾಯಿ. ಕೂಲಿಯೂ ಸೇರಿದರೆ 211. ಅಂದರೆ ಬಿಟ್ಟಿ ದುಡಿಮೆ ಟಿಕೆಟ್ಟಿನ ನೂರಕ್ಕೆ 41ರಷ್ಟನ್ನು ಹೊತ್ತುಕೊಳ್ಳುತ್ತದೆ. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿಗೆ ಬರಗಾಲದಲ್ಲೂ ಮೇವು ಹೊಂದಿಸುವ, ನಾಯಕನಹಟ್ಟಿ ತೇರಿಗೆ ಕರೆಯದೆ ಬಂದು ದಾಸೋಹಕ್ಕೆ ನಿಲ್ಲುವ ಸೀಮೆಯಿದು. ನೂರು ಜನ ಸಿಗಲಾರರು ಎಂಬ ಚಿಂತೆ ನನಗಿಲ್ಲ.

ಚಿಂತೆ ಇರುವುದು ಈ ಕಾಗದದಲ್ಲಿ ಬರೆಯದೆ ಬಿಟ್ಟ ಬಾಬ್ತುಗಳದು: ರೇವಾಡಿಯಿಂದ ಎಂಜಿನ್ ತಂದು ವಾಪಸು ಕಳಿಸುವ ಖರ್ಚು, ಬೋಗಿಗಳ ಬಾಡಿಗೆ, ಇಲಾಖೆಯ ಚಾಲಕರು, ವಿಮೆ, ಆ ಹೊತ್ತಿಗೆ ತಡೆದು ನಿಲ್ಲಿಸುವ ಸರಕು ಗಾಡಿಗಳ ನಷ್ಟ. ಇವುಗಳ ಮುಂದೆ 1 ಲಕ್ಷ 82 ಸಾವಿರ ಪುಡಿಗಾಸು. ಆ ಬಿಲ್ಲು ಹೊರುವವರು ಸಿಗುವವರೆಗೆ ಊರವರ ಕೈಯಲ್ಲಿ ಆಗುವಂಥದ್ದು ಆ ತೊಟ್ಟಿ ಒಂದೇ, ಅದಕ್ಕೂ ಇಲಾಖೆಯ ಒಪ್ಪಿಗೆ ಬೇಕು. ಎಂಜಿನ್ ಎಂದೂ ಬಾರದಿದ್ದರೆ ಚಾವಣಿಯ 2 ಲಕ್ಷ 40 ಸಾವಿರ ಲೀಟರ್ ತಲೆಗೆ 55ರಂತೆ 12 ಜನರಿಗೆ ವರ್ಷಪೂರ್ತಿ ಆಗುತ್ತದೆ. ತೊಟ್ಟಿಯನ್ನು ಮಾತ್ರ 50 ಸಾವಿರಕ್ಕಿಂತ ದೊಡ್ಡದು ಕಟ್ಟಿಸಬೇಕು.